ಜಗಲಿಯ ಮೇಲಿನ ಸವತಿ

ಹೊನವಾಡದ ನಮ್ಮ ಮನೆಯಲ್ಲಿ ಒಲೆಯೂ ದೇವರೂ ಎದುರುಬದುರು. ಅಡಿಗೆಮನೆಯ ಈ ಗೋಡೆಗೆ ಅವ್ವನ ಒಲೆ, ಆ ಗೋಡೆಗೆ ದೇವರ ಜಗಲಿ, ನಡುವೆ ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದು ತಟ್ಟೆಯಷ್ಟು ಬಿಸಿಲು. ಅವ್ವ ರೊಟ್ಟಿ ಬಡಿಯುವಾಗ ತಲೆ ತಗ್ಗಿಸಿದರೆ ಜೋಳದ ಹಿಟ್ಟು, ಎತ್ತಿದರೆ ದೇವರು. ಮನೆ ಕಟ್ಟಿಸಿದ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅಡಿಗೆ ಮಾಡುವ ಹೆಣ್ಣುಮಗಳಿಗೆ ಕೂತಲ್ಲೇ ದರ್ಶನವಾಗಲಿ ಎಂದು ಬೇಕೆಂತಲೇ ಹಾಗೆ ಮಾಡಿಸಿದ್ದನಂತೆ. ಪಾಪ, ಅವನಿಗೇನು ಗೊತ್ತು? ಮುಂದೆ ತನ್ನ ಸೊಸೆಯ ಸವತಿ ಅದೇ ಜಗಲಿಯ ಮೇಲೆ ಬಂದು ಕೂತಾಳು, ಆ ಸೊಸೆ ದಿನಬೆಳಗಾದರೆ ಅವಳ ಮುಖ ನೋಡುತ್ತಲೇ ರೊಟ್ಟಿ ಬಡಿಯಬೇಕಾದೀತು ಎಂದು ಅವನು ಕನಸಿನಲ್ಲೂ ನೆನೆಸಿರಲಿಕ್ಕಿಲ್ಲ.

ಸವತಿ ಅಂದರೆ ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದಿದ್ದ ಎಂದು ತಿಳಿಯಬೇಡಿ. ಅಷ್ಟು ಧೈರ್ಯ ಅವನಿಗೆಲ್ಲಿಂದ ಬರಬೇಕು! ಅವನು ತಂದದ್ದು ಒಂದು ಕ್ಯಾಲೆಂಡರಿನ ಚಿತ್ರ. ಅಪ್ಪ ವಿಜಾಪುರದಲ್ಲಿ ಹತ್ತಿಯ ವಖಾರಿಯೊಂದರಲ್ಲಿ ಕಾರಕೂನ. ವಾರವೆಲ್ಲ ಅಲ್ಲೇ ಒಂದು ಖೋಲಿಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಬೀಡಿ ಸೇದುವವನಲ್ಲ, ಇಸ್ಪೀಟೆಲೆ ಆಡುವವನಲ್ಲ. ಅವನಿಗಿದ್ದದ್ದು ಒಂದೇ ಚಟ, ಸಿನೆಮಾ. ಅದರಲ್ಲೂ ಒಬ್ಬಳೇ ನಟಿ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರು ಹೇಳಿದವರೂ ಇಲ್ಲ. ಅವ್ವನ ಬಾಯಲ್ಲಿ ಅವಳು ‘ಅಕಿ’. ಆಯಿಯ ಬಾಯಲ್ಲಿ, ಅಂದರೆ ಅಪ್ಪನ ತಾಯಿಯ ಬಾಯಲ್ಲಿ, ‘ತಾಯಿ’. ಹೇಗೆ ಎಂಬುದನ್ನು ಹೇಳುತ್ತೇನೆ.

ಆ ವರ್ಷ ಅವಳು ಯಾವುದೋ ಪೌರಾಣಿಕ ಚಿತ್ರದಲ್ಲಿ ದೇವಿಯ ಪಾತ್ರ ಮಾಡಿದ್ದಳು. ಎಂಟು ಕೈ, ಕಾಲ ಬುಡದಲ್ಲಿ ಸಿಂಹ, ಕಿವಿಯ ತನಕ ಎಳೆದ ಕಣ್ಣಿನ ಕಾಡಿಗೆ. ವಿಜಾಪುರದ ಅರಿವೆ ಅಂಗಡಿಯವರು ಅದೇ ಚಿತ್ರವನ್ನು ಕ್ಯಾಲೆಂಡರು ಮಾಡಿ ಹಂಚಿದರು. ಅಪ್ಪ ತಾರೀಖಿನ ಭಾಗ ಕತ್ತರಿಸಿ, ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಹಾಳೆಯಲ್ಲಿ ಸುತ್ತಿ ಊರಿಗೆ ತಂದ. ಪಡಸಾಲೆಯಲ್ಲಿ ತಾನು ಒರಗಿ ಕೂಡುವ ಕಂಬದ ಎದುರಿಗೆ ತೂಗುಹಾಕುವ ವಿಚಾರ ಅವನದು. ಅವನು ಮೊಳೆ ಹುಡುಕುತ್ತಿರುವಷ್ಟರಲ್ಲಿ ಆಯಿ ಹಾಳೆ ಬಿಚ್ಚಿದಳು. ಬಿಚ್ಚಿದವಳೇ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ‘ಬಂದ್ಯಾ ತಾಯಿ, ನನ್ನ ಮಗನ ಕೈ ಹಿಡದು ಬಂದ್ಯಾ’ ಎಂದು ಗಳಗಳ ಅತ್ತುಬಿಟ್ಟಳು. ಅಪ್ಪ ಮೊಳೆ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಆಯಿ ನೆಟ್ಟಗೆ ಅಡಿಗೆಮನೆಗೆ ಹೋಗಿ ಜಗಲಿಯ ನಟ್ಟನಡುವೆ ಅವಳನ್ನು ಕೂಡಿಸಿ ಊದಿನಕಡ್ಡಿ ಹಚ್ಚಿದಳು. ಹಣೆಗೆ ಕುಂಕುಮ ಬಿತ್ತು, ಅಲ್ಲಿಗೆ ಮುಗಿಯಿತು. ಇನ್ನು ಅವಳನ್ನು ಇಳಿಸುವವರು ಯಾರು?

ಅವ್ವನಿಗೆ ಮಾತ್ರ ನೋಡಿದ ಕೂಡಲೇ ಗುರುತು ಹತ್ತಿತ್ತು. ಲಗ್ನವಾದ ಹೊಸತರಲ್ಲಿ ಅಪ್ಪ ಅವಳನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗಿ ಸಿನೆಮಾ ತೋರಿಸಿದ್ದನಂತೆ. ಅದರಲ್ಲಿ ಇದೇ ನಟಿ ಮಾವಿನ ಗಿಡದ ಸುತ್ತ ಹಾಡುತ್ತಿದ್ದಳಂತೆ. ಅದನ್ನು ಅವ್ವ ಹೇಳುವುದನ್ನು ಕೇಳಬೇಕು.

‘ಹೊಸಾ ಹೇಂತಿ ಬಾಜೂಕ ಕುಂತೀನಿ, ತುಂಬ ಹೂವ ಮುಡದೀನಿ. ಈ ಮನಷ್ಯಾ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲಬೇ! ಅಕಿ ಕುಣ್ಯಾಕತ್ತಿದ್ಲು, ಇಂವ ಸೀಟಿ ಹೊಡದ. ನನ್ನ ಗಂಡ, ಸೀಟಿ! ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಹೊನವಾಡ ಬರೂತನಾ ಅಕಿನ ಮಾತ.’

ಅತ್ತೆಗೆ ನಿಜ ಹೇಳೋಣವೆಂದರೆ ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಜಗಲಿಯವಳು ಬಂದ ವಾರದಲ್ಲೇ, ಹಾಲು ಕೊಡದೆ ಒದೆಯುತ್ತಿದ್ದ ನಮ್ಮ ಎಮ್ಮೆ ಸುಮ್ಮನೆ ನಿಂತು ಕರೆಯಗೊಟ್ಟಿತು. ಆಯಿಗೆ ಅಷ್ಟು ಸಾಕು. ಶುಕ್ರವಾರಕ್ಕೊಮ್ಮೆ ತಾಯಿಗೆ ಸಿಹಿ ಎಡೆ, ಅಮಾವಾಸ್ಯೆಗೆ ಹೋಳಿಗೆ. ಹೂರಣ ರುಬ್ಬುವವಳು ಅವ್ವ, ಬೇಯಿಸುವವಳು ಅವ್ವ. ಮೊದಲ ಹೋಳಿಗೆ, ತುಪ್ಪ ಹಚ್ಚಿದ್ದು, ಎದುರಿನವಳಿಗೆ. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಅಪ್ಪನ ಬೆನ್ನು ತಿಕ್ಕುವಾಗ ಅವ್ವ ಬಡ್ಡಿ ಸಮೇತ ತೀರಿಸುತ್ತಿದ್ದಳು. ನಾನು ಬಿಸಿನೀರು ತಂದುಕೊಡುವ ನೆವದಲ್ಲಿ ಬಾಗಿಲಲ್ಲೇ ಇರುತ್ತಿದ್ದೆ.

‘ಎಂಟ ಕೈ ಅದಾವಲ್ಲ ಅಕಿಗೆ, ಒಂದ ಕೈಲೆ ನಾಕ ರೊಟ್ಟಿ ಬಡದ ಹೋಗಂತ ಹೇಳ್ರಿ.’

‘ಹಳೂಕ ಮಾತಾಡಲೇ, ನಮ್ಮವ್ವ ಕೇಳ್ಯಾಳು.’

‘ಕೇಳ್ಲಿ! ಸೊಸಿ ಹೋಳಿಗಿ ಮಾಡಿ ಮಗನ ಸೂಳಿಗೆ ಎಡಿ ಹಿಡ್ಯಾಕತ್ತಾಳಂತ ಗೊತ್ತಾಗ್ಲಿ.’

ಹಾಗೆಂದು ಆಯಿಯ ಎದುರಿಗೆ ಅವ್ವ ಒಂದಿನವೂ ತುಟಿ ಬಿಚ್ಚಲಿಲ್ಲ. ಆಯಿ ಗಟ್ಟಿ ಹೆಂಗಸು. ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಆಯಿ ಉಂಡ ಮೇಲೆ ಅವ್ವನ ಪಾಳಿ. ಅಷ್ಟೊತ್ತಿಗೆ ಪಲ್ಯದ ಬೋಗುಣಿ ಬಳಿದಿಟ್ಟ ಹಾಗಿರುತ್ತಿತ್ತು. ಉಳಿದ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಅವ್ವ ಜಗಲಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು. ದೇವರಿಗೆ ಬೆನ್ನು ತೋರಿಸಬಾರದು ಎಂದು ಆಯಿ ಗದರಿದರೂ ಅದೊಂದು ಮಾತು ಅವಳು ಕೇಳಲಿಲ್ಲ.

ಅವ್ವನದು ಹೀಗಾದರೆ ನನ್ನದು ಬೇರೆಯೇ ಉರಿ. ಶನಿವಾರ ಸಂಜೆ ಬಸ್ಸು ಬರುವ ಮೊದಲೇ ನಾನು ಅದು ನಿಲ್ಲುವ ಕಟ್ಟೆಯ ಮೇಲೆ ಹೋಗಿ ಕೂತಿರುತ್ತಿದ್ದೆ. ತಲೆ ಬಾಚಿ, ಎರಡು ಹೆರಳು ಹಾಕಿ, ಅವ್ವನ ಕಾಡಿಗೆ ತೀಡಿಕೊಂಡು. ಅಪ್ಪ ಇಳಿದವನು ನನ್ನ ಕೈಗೆ ಚೀಲ ಕೊಟ್ಟು ಮುಂದೆ ನಡೆಯುತ್ತಿದ್ದ. ಚೀಲದಲ್ಲಿ ಪೇಢೆ ಇರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಬೇಕಾದದ್ದು ಪೇಢೆಯಲ್ಲ. ಮನೆಗೆ ಬಂದವನೇ ಕಾಲು ತೊಳೆದು ಸೀದಾ ಜಗಲಿಯ ಮುಂದೆ ಹೋಗಿ ಕೈ ಮುಗಿದು ನಿಲ್ಲುತ್ತಿದ್ದ. ಎಷ್ಟು ಹೊತ್ತು! ‘ನನ್ನ ಮಗಗ ಎಷ್ಟ ಭಕ್ತಿ ನೋಡ್ರೆವ್ವಾ’ ಎಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಆ ಭಕ್ತಿ ಎಂಥದೆಂದು ಅವ್ವನಿಗೆ ಗೊತ್ತು, ನನಗೆ ಗೊತ್ತು. ವಾರವಿಡೀ ಕಾದ ಮಗಳನ್ನು ಅವನು ಕಟ್ಟೆಯಿಂದ ಮನೆ ತನಕ ನೋಡಿದ್ದಕ್ಕಿಂತ ಹೆಚ್ಚು ಜಗಲಿಯ ಮೇಲಿನವಳನ್ನು ನೋಡುತ್ತಿದ್ದ.

ದೇವರಿಗೆ ಕುಂಕುಮ ಹಚ್ಚುವ ಕೆಲಸ ನನ್ನದಾಗಿತ್ತು. ನಾನು ಅವಳ ಹಣೆಯಿಂದ ಶುರು ಮಾಡಿ ಹುಬ್ಬು, ಕಣ್ಣು, ಮೂಗು ಎಲ್ಲ ಮುಚ್ಚುವ ಹಾಗೆ ಮೆತ್ತಿಬಿಡುತ್ತಿದ್ದೆ. ‘ಹುಡುಗಿಗೆ ಅಪ್ಪನ ಭಕ್ತಿನ ಬಂದೈತಿ’ ಎಂದು ಆಯಿ ನನ್ನ ನೆಟಿಗೆ ಮುರಿಯುತ್ತಿದ್ದಳು. ಅಪ್ಪ ಶನಿವಾರ ಬಂದು ಪಂಚೆಯ ಚುಂಗಿನಿಂದ ಮೆಲ್ಲಗೆ ಒರೆಸಿ ಕಣ್ಣು ಬಿಡಿಸುತ್ತಿದ್ದ. ಒಂದು ಸಲ ತಡೆಯದೆ ಕೇಳಿಯೇಬಿಟ್ಟೆ.

‘ಅಪ್ಪಾ, ಖರೆ ಹೇಳು. ನಾ ಚಂದ ಅದೀನೋ, ಅಕಿ ಚಂದ ಅದಾಳೋ?’

ಅಪ್ಪ ನಕ್ಕು ನನ್ನ ಹೆರಳು ಜಗ್ಗಿದ. ‘ಹುಚ್ಚಿ, ನೀ ನನ್ನ ಮಗಳಲ್ಲೇನ’ ಅಂದ. ನನಗೆ ಆಗ ಶಾಲೆಯ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂಬುದು ಅಲ್ಲೇ ಗೊತ್ತಾಯಿತು. ಮುಂದೆ ನನ್ನ ಗಂಡ ಟಿವಿಯಲ್ಲಿ ಯಾರದೋ ಸೀರೆ ಚೆನ್ನಾಗಿದೆ ಎಂದರೆ ಸಾಕು, ಅವರ ತಟ್ಟೆಗೆ ಬೀಳುವ ಅನ್ನ ಕಡಿಮೆಯಾಗುತ್ತಿತ್ತು. ಅದರ ಬೀಜ ಬಿದ್ದದ್ದು ಆ ಶನಿವಾರ.

ಸೀರೆ ಎಂದಾಗ ನೆನಪಾಯಿತು. ನಮ್ಮಲ್ಲಿ ಹೊಸ ಅರಿವೆಯನ್ನು ಮೊದಲು ದೇವರಿಗೆ ಏರಿಸಿ, ಕುಂಕುಮ ಹಚ್ಚಿ, ಆಮೇಲೆ ಮೈಮೇಲೆ ಹಾಕಿಕೊಳ್ಳುವುದು. ಅವ್ವ ಬಂದಾಗಿನಿಂದ ಹಾಗೆಯೇ ಮಾಡಿದವಳು, ಎಂದೂ ಬೇಸರ ಪಟ್ಟವಳಲ್ಲ. ಒಂದು ಪಂಚಮಿಗೆ ಅಪ್ಪ ಗಿಳಿಹಸಿರು ಬಣ್ಣದ ಇಳಕಲ್ ಸೀರೆ ತಂದ. ಕೆಂಪು ಅಂಚು, ತೋಪಿನ ಸೆರಗು. ಅವ್ವ ಅದನ್ನು ಬಿಡಿಸಿ ಎದೆಗೆ ಹಿಡಿದು ನೋಡುವಷ್ಟರಲ್ಲಿ ಆಯಿ ಕೈಯಿಂದ ತೆಗೆದುಕೊಂಡು ಹೋಗಿ ಚಿತ್ರದ ಕಟ್ಟಿಗೇ ಸುತ್ತಿ ಸೆರಗು ಇಳಿಬಿಟ್ಟಳು. ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿತ್ತು. ಪಡಸಾಲೆಯಿಂದ ಹಣಿಕಿದ ಅಪ್ಪ, ಯಾರೂ ಕೇಳದೆ ಇದ್ದರೂ, ‘ಒಪ್ಪತೈತಿ’ ಅಂದ.

ಅಂದು ಸಂಜೆ ಆಯಿ ಸೀರೆ ಬಿಚ್ಚಿ ಕೊಟ್ಟಾಗ ಅವ್ವ ಅದನ್ನು ಮುಟ್ಟಲಿಲ್ಲ. ಹಳೆಯ ಸೀರೆಯಲ್ಲೇ ನನ್ನ ಕೈ ಹಿಡಿದು ಪಂಚಮಿಗೆಂದು ತವರಾದ ಬಬಲೇಶ್ವರಕ್ಕೆ ಹೊರಟಳು. ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು, ಹಬ್ಬ ಮುಗಿದು ಎಲ್ಲ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದರೂ ಅವ್ವ ಏಳಲಿಲ್ಲ. ಅಜ್ಜಿ ಕೇಳಿದಳು.

‘ಕಾಶವ್ವಾ, ಏನಾಗೇತಿ ಹೇಳಬೇ. ಹೊಡದಾನನ? ಕುಡ್ಯಾಕತ್ತಾನನ?’

ಅವ್ವ ಏನು ಹೇಳಬೇಕು? ಗಾಜಿನ ಕಟ್ಟಿನ ಚಿತ್ರದ ಸಲುವಾಗಿ ಗಂಡನ ಮನೆ ಬಿಟ್ಟು ಬಂದಿದ್ದೇನೆ ಎಂದರೆ ಬಬಲೇಶ್ವರದ ಸಂತೆಯೆಲ್ಲ ನಗುತ್ತಿತ್ತು. ಹೊಡೆದಿದ್ದರೆ ಹೇಳಲು ಬರುತ್ತಿತ್ತು, ಕುಡಿದಿದ್ದರೆ ಹೇಳಲು ಬರುತ್ತಿತ್ತು. ಇದಕ್ಕೆ ಅಳಲಿಕ್ಕೂ ಮುಖವಿಲ್ಲ. ಅವ್ವ ಹಿತ್ತಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

ಕೊನೆಗೆ ಅಪ್ಪ ಬಂದ. ಅಂಗಳದಲ್ಲಿ ನಿಂತೇ, ‘ಇಳಿಸಿಬಿಡ್ತೀನಿ, ನಡಿ’ ಅಂದ. ಏನನ್ನು ಇಳಿಸುತ್ತಾನೆ ಎಂದು ಅಜ್ಜಿಗೆ ತಿಳಿಯಲಿಲ್ಲ. ಅವ್ವ ಎದ್ದು ಸೆರಗು ಕೊಡವಿಕೊಂಡಳು. ಮನೆ ಮುಟ್ಟಿದ ಕೂಡಲೇ ಅಪ್ಪ ಸೀದಾ ಜಗಲಿಯ ಮುಂದೆ ಹೋಗಿ ಚಿತ್ರಕ್ಕೆ ಕೈ ಹಚ್ಚಿದ್ದೂ ಖರೆ. ಅಷ್ಟರಲ್ಲಿ ಹಿಂದಿನಿಂದ ಆಯಿ ಬಂದಳು.

‘ಏನ್ ಮಾಡಾಕತ್ತಿಯೋ ಯಪ್ಪಾ?’

ಅಪ್ಪ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ‘ಧೂಳ ಕುಂತಿತ್ತವ್ವಾ, ವರಸಾಕತ್ತೀನಿ’ ಅಂದ. ಅಂದ ಮೇಲೆ ಒರೆಸಬೇಕಲ್ಲ? ಒರೆಸಿದ. ಗಾಜು ಒರೆಸಿದ, ಕಟ್ಟು ಒರೆಸಿದ, ಸಿಂಹವನ್ನೂ ಒರೆಸಿದ. ಅವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡಿದಳು. ಆವತ್ತಿನ ರೊಟ್ಟಿಯ ಸಪ್ಪಳ ಓಣಿಯ ಆ ತುದಿಗೂ ಕೇಳಿಸಿರಬೇಕು.

ಸುಗ್ಗಿ ಮುಗಿದ ಮೇಲೆ ತಿಕೋಟಾಕ್ಕೆ ಟೆಂಟಿನ ಟಾಕೀಜು ಬಂತು. ಎತ್ತಿನ ಗಾಡಿಗೆ ಎರಡೂ ಬದಿ ಚಿತ್ರದ ಹಲಗೆ ಕಟ್ಟಿ, ತಗಡಿನ ಭೋಂಗಾಕ್ಕೆ ಬಾಯಿಟ್ಟು ಕೂಗುತ್ತ ನಮ್ಮೂರಿಗೂ ಬಂದರು. ಆಯಿ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಹಲಗೆ ನೋಡಿ ತಂಬಿಗೆ ಕೆಳಗಿಟ್ಟಳು. ಅದೇ ಮುಖ, ಅದೇ ಕಣ್ಣು. ಕೈ ಮಾತ್ರ ಎರಡೇ. ‘ತಾಯಿ ತಿಕೋಟಾಕ್ಕ ಬಂದಾಳ!’ ಎಂದು ಒಳಗೆ ಓಡಿ ಬಂದಳು. ಜೀವಮಾನದಲ್ಲಿ ಸಿನೆಮಾ ನೋಡದ ಆಯಿ, ಸಿನೆಮಾ ನೋಡುವವರು ಕೆಡುತ್ತಾರೆ ಎನ್ನುತ್ತಿದ್ದ ಆಯಿ, ಕಾಯಿ, ಕರ್ಪೂರ, ಉಡಿ ತುಂಬಲು ಖಣ, ಎಲ್ಲ ಕಟ್ಟಿಕೊಂಡು ಗಾಡಿ ಹೂಡಿಸಿದಳು. ಅಪ್ಪ ತಲೆ ತುರಿಸಿಕೊಳ್ಳುತ್ತ ಮುಂದೆ ಕೂತ. ಅವ್ವ ಬರಲೊಲ್ಲೆ ಎಂದರೂ ಆಯಿ ಬಿಡಲಿಲ್ಲ.

ಟೆಂಟಿನ ಬಾಗಿಲಲ್ಲಿ ಆಯಿ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಹಿಂದಿನ ನಾಲ್ಕಾರು ಮುದುಕಿಯರೂ ಬಿಟ್ಟರು. ಕಾಯಿ ಒಡೆಯುವುದು ಬೇಡ, ಆಟ ಮುಗಿದ ಮೇಲೆ ನೋಡೋಣ ಎಂದು ಅಪ್ಪ ಹೇಗೋ ತಡೆದ. ಚಿತ್ರ ಶುರುವಾಯಿತು. ಅದರಲ್ಲಿ ದೇವಿಯಿಲ್ಲ, ಸಿಂಹವಿಲ್ಲ. ಅವಳೊಬ್ಬ ಬಡ ಸೊಸೆ. ಬೆಳಗಾಗುವ ಮೊದಲು ಎದ್ದು ಬೀಸುತ್ತಾಳೆ, ನೀರು ಹೊರುತ್ತಾಳೆ, ಎಲ್ಲರಿಗೂ ಬಡಿಸಿ ಕಡೆಗೆ ಒಣ ರೊಟ್ಟಿ ನೀರಲ್ಲಿ ಅದ್ದಿಕೊಂಡು ತಿನ್ನುತ್ತಾಳೆ. ಆಯಿ ಮೊದಮೊದಲು ಕೈ ಮುಗಿದೇ ಕೂತಿದ್ದಳು. ಪರದೆಯ ಮೇಲಿನ ಅತ್ತೆ ಬಂದು ಸೊಸೆಯ ತಟ್ಟೆಯನ್ನು ಕಾಲಿನಿಂದ ಒದ್ದಳು ನೋಡಿ, ಆಯಿ ಎದ್ದೇ ನಿಂತಳು.

‘ನಿನ್ನ ಕಾಲಾಗ ಹುಳಾ ಬೀಳ್ಲಿ! ಯಾರಿಗೆ ಒದ್ಯಾಕತ್ತಿ, ಗೊತ್ತೈತೇನ ನಿನಗ? ಎಂಟ ಕೈಯಾಕಿ ಬೇ ಅಕಿ!’

ಟೆಂಟೆಲ್ಲ ಘೊಳ್ ಎಂದು ನಕ್ಕಿತು. ‘ಕುಂದ್ರಬೇ ಆಯಿ, ಅದು ಸಿನೆಮಾ ಐತಿ’ ಎಂದು ಯಾರೋ ಹಿಂದಿನಿಂದ ಕೂಗಿದರು.

‘ನಿಮಗ ಸಿನೆಮಾ. ನನಗ ಮನಿದೇವ್ರು’ ಎಂದಳು ಆಯಿ. ಉಳಿದ ಚಿತ್ರವನ್ನು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಕಳೆದಳು. ಹೊರಗೆ ಬಂದು ಟೆಂಟಿನ ಗೂಟದ ಬುಡದಲ್ಲಿ ಕಾಯಿ ಒಡೆದು ಗಾಡಿ ಹತ್ತಿದಳು.

ಮರುದಿನ ಮಧ್ಯಾಹ್ನ ಉಣ್ಣುವ ಹೊತ್ತಿಗೆ ಆಯಿ ತಾನೇ ಒಂದು ತಟ್ಟೆ ತೊಳೆದು, ಮಣೆ ಹಾಕಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಬೆಣ್ಣೆ ಹಾಕಿದಳು.

‘ಕಾಶವ್ವಾ, ಬಾ. ಮೊದಲ ನೀ ಉಣ್ಣು.’

ಅವ್ವನ ಕೈಯೊಳಗಿನ ಹಿಟ್ಟು ಹಾಗೇ ನಿಂತಿತು. ‘ಯಾಕ್ರಿ ಅತ್ತಿ? ನನ್ನಿಂದ ಏನರೆ ತಪ್ಪಾತೇನ್ರಿ?’

‘ನಿನ್ನಿಂದಲ್ಲ ಯವ್ವಾ. ತಾಯಿ ಸೊಸಿಯಾಗಿ ಬಂದು ಹೆಂಗ ಅಳಾಕತ್ತಿದ್ಲು, ನೋಡಿದೆಲ್ಲ. ಯಾರ ಮನ್ಯಾಗ ಯಾರ ರೂಪದಾಗ ಇರ್ತಾಳೋ, ನಮಗೇನ ಗೊತ್ತು. ಉಣ್ಣು, ಆರತೈತಿ.’

ಅಂದಿನಿಂದ ಆಯಿ ಬದುಕಿರುವ ತನಕ ನಮ್ಮ ಮನೆಯಲ್ಲಿ ಮೊದಲ ತಟ್ಟೆ ಅವ್ವನದು. ಓಣಿಯ ಸೊಸೆಯಂದಿರೆಲ್ಲ ಹೊಟ್ಟೆ ಉರಿದುಕೊಂಡರು. ಕಾಶವ್ವನ ಪುಣ್ಯವೇ ಪುಣ್ಯ ಎಂದರು. ಅವ್ವ ಮಾತ್ರ ಆ ದಿನ ಒಂದು ರೊಟ್ಟಿಯನ್ನು ಬಲವಂತದಿಂದ ನುಂಗಿ, ಹಿತ್ತಲಿಗೆ ಹೋಗಿ, ನನ್ನನ್ನು ಕರೆದು, ಹಲ್ಲು ಕಚ್ಚಿಕೊಂಡು ಅತ್ತಳು.

‘ನಾ ಇಷ್ಟ ವರ್ಸ ಹೊಗ್ಯಾಗ ಕಣ್ಣೀರ ಹಾಕಿದ್ದು ನಿಮ್ಮ ಆಯಿಗೆ ಕಾಣಲಿಲ್ಲ. ಅಕಿ ಬಣ್ಣಾ ಹಚಗೊಂಡು ಒಂದ ತಾಸ ಅತ್ಲು, ಕಂಡ್ತು. ನನ್ನ ಮನ್ಯಾಗ ನಾ ಉಣ್ಣೂ ಅನ್ನಾನೂ ಅಕಿನ ಕೊಡಸಬೇಕೇನಬೇ?’

ನಾನು ಅವ್ವನ ಕಣ್ಣೀರು ಒರೆಸಿ, ಒಳಗೆ ಹೋಗಿ, ಎದುರಿನವಳ ಕಣ್ಣಿಗೆ ಇನ್ನಷ್ಟು ಕುಂಕುಮ ಮೆತ್ತಿ ಬಂದೆ.

ಆಯಿ ಹೋದಳು. ಎಷ್ಟೋ ವರ್ಷದ ಮೇಲೆ ಅಪ್ಪನೂ ಹೋದ. ಅವನು ಹೋಗುವ ಹೊತ್ತಿಗೆ ಹೊನವಾಡದ ನಮ್ಮ ಜೋಳದ ಹೊಲ ದ್ರಾಕ್ಷಿಯ ತೋಟವಾಗಿತ್ತು. ಅವ್ವನನ್ನು ನಾನು ಈಗ ವಿಜಯಪುರ ಎನ್ನುವ ವಿಜಾಪುರದ ನನ್ನ ಮನೆಗೆ ಕರೆದುಕೊಂಡು ಬಂದೆ. ಬರುವಾಗ ಅವಳ ಕಂಕುಳಲ್ಲಿ ಹಳೆಯ ಸೀರೆ ಸುತ್ತಿದ ಒಂದು ಗಂಟು. ಬಿಚ್ಚಿ ನೋಡಿದರೆ, ಅವಳೇ! ಗಾಜಿನ ಮೂಲೆ ಒಡೆದಿತ್ತು, ಬಣ್ಣ ಹೋಗಿತ್ತು, ನಾನು ಮೆತ್ತಿದ ಕುಂಕುಮ ಕಟ್ಟಿನ ಸಂದಿಯಲ್ಲಿ ಕೆಂಪಗೆ ಉಳಿದಿತ್ತು. ಇದನ್ನು ಯಾಕೆ ತಂದೆ, ಈಗಲಾದರೂ ಬಿಟ್ಟು ಬರಬಾರದಿತ್ತೇ ಎಂದು ರೇಗಿದೆ.

‘ನಿಮ್ಮ ಆಯಿ ಸಾಯೂಮುಂದ ಕೈ ಹಿಡದು ಹೇಳ್ಯಾಳ, ತಾಯಿನ್ನ ಬಿಡಬ್ಯಾಡಂತ’ ಎಂದಳು ಅವ್ವ. ಗಂಟು ಮತ್ತೆ ಕಟ್ಟುತ್ತ, ‘ಕಣ್ಣ ಮುಂದ ಇದ್ರ ಚಲೋ’ ಎಂದು ಸೇರಿಸಿದಳು.

ಹೀಗಾಗಿ ಅವಳು ನನ್ನ ಮನೆಯ ಜಗಲಿಗೂ ಬಂದಳು. ಹಬ್ಬಕ್ಕೆ ನಾನು ತಂದ ಸೀರೆಯನ್ನು ಅವ್ವ ಗೊಣಗುತ್ತಲೇ ಮೊದಲು ಅವಳ ಮುಂದೆ ಇಡುತ್ತಿದ್ದಳು. ಆಯಿಗೆ ಕೊಟ್ಟ ಮಾತು.

ಮೊನ್ನೆ ದೀಪಾವಳಿಗೆ ಮೊದಲು ಒಂದು ಬೆಳಿಗ್ಗೆ ಟಿವಿಯಲ್ಲಿ ಅವಳ ಮುಖ ಬಂತು. ಹಳೆಯ ಚಿತ್ರಗಳ ತುಣುಕು, ಮಾವಿನ ಗಿಡ, ಹಾಡು. ಆಮೇಲೆ ಬೆಳ್ಳಗಾದ ಕೂದಲು, ಸುಕ್ಕು ಮುಖ. ‘ಅಯ್ಯ, ಹಲ್ಲೆಲ್ಲಾ ಬಿದ್ದಾವಬೇ ಅಕಿಗೆ’ ಎಂದು ಅವ್ವ ಖುಷಿಯಿಂದ ಮುಂದೆ ಬಾಗಿದಳು. ಅವಳ ಕಿವಿ ಈಗ ಮಂದ. ನಾನು ಹತ್ತಿರ ಹೋಗಿ, ‘ತೀರಿಕೊಂಡಾಳಂತ ಯವ್ವಾ, ರಾತ್ರಿ’ ಎಂದೆ.

ಅವ್ವ ಗೋಡೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲಿಂದ ನೀರು ಹಾಕಿಕೊಂಡಳು. ಸತ್ತ ಸುದ್ದಿ ಕೇಳಿ ಮನೆಯವರು ಮಾಡುವ ಜಳಕ ಅದು. ಅಂತೂ ಸಿಟ್ಟು ಇಳಿಯಿತು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಋಣ ಎಂದು ನನ್ನ ಕಣ್ಣೂ ಒದ್ದೆಯಾದವು. ಅವ್ವ ಹೊರಗೆ ಬಂದು ಹಬ್ಬಕ್ಕೆ ತಂದಿಟ್ಟ ಹೊಸ ಸೀರೆ ಕೇಳಿದಳು. ನಾನು ರೂಢಿಯಂತೆ ಅದನ್ನು ಜಗಲಿಯ ಕಡೆ ಒಯ್ದೆ.

‘ಅಲ್ಲೆ ಬ್ಯಾಡ. ಇಲ್ಲೆ ತಾ.’

ಉಡಿಸಿದೆ. ಗಿಳಿಹಸಿರು ಬಣ್ಣವನ್ನೇ ನಾನು ಹುಡುಕಿ ತಂದಿದ್ದೆ. ಅವ್ವ ನಿರಿಗೆ ಸರಿಮಾಡಿಕೊಂಡು ಜಗಲಿಯ ಎದುರಿಗೆ ನೆಟ್ಟಗೆ ನಿಂತಳು. ನನ್ನನ್ನು ನೋಡದೆ ಕೇಳಿದಳು.

‘ಖರೆ ಹೇಳು. ನಾ ಚಂದ ಇದ್ನೋ, ಅಕಿ ಚಂದ ಇದ್ಲೋ?’

‘ನೀನ ಚಂದ ಯವ್ವಾ’ ಎಂದೆ. ಒಂದು ಕ್ಷಣವೂ ತಡಮಾಡಲಿಲ್ಲ.

‘ನೀ ಹೇಳಿ ಏನ ಮಾಡೂದೈತಿ. ಹೇಳಬೇಕಾದಾಂವ ಅಲ್ಲೆ ಮ್ಯಾಲ ಅದಾನ’ ಎಂದಳು ಅವ್ವ. ‘ನಾ ಹೋಗೂಮಟ ನಿಮ್ಮಪ್ಪ ಅಲ್ಲೆ ಒಬ್ಬನ ಇರ್ತಾನ ಅಂತ ಧೈರ್ಯಲೆ ಇದ್ನೆಬೇ. ಈಗ ನೋಡು. ಅಲ್ಲಿಗೂ ಅಕಿನ ಮೊದಲ ಹ್ವಾದ್ಲು.’